ಗಾಳಿ ಶುದ್ಧಿಯ ಯಂತ್ರವೂ ಅಜ್ಜಿಯ ಧೂಪವೂ

ಕಳೆದ ಚಳಿಗಾಲದಲ್ಲಿ ಬೆಟಗೇರಿಯ ಪರಿಚಿತರ ಮನೆಯೊಂದಕ್ಕೆ ಹೋಗುವ ಪ್ರಸಂಗ ನಮಗೆ ಒದಗಿತು. ನೇಕಾರಿಕೆಯ ಮನೆತನ. ಪಡಸಾಲೆಯ ಒಂದು ಮಗ್ಗುಲಿಗೆ ಮಗ್ಗ, ಒಳಗೆ ಅಡುಗೆಮನೆ, ಅದಕ್ಕೆ ಹೊಂದಿಕೊಂಡು ಒಂದು ಕೋಣೆ. ಆ ಕೋಣೆಯೇ ಅಜ್ಜಿಯ ಪೂಜೆಯ ಸ್ಥಳ. ರಾತ್ರಿ ಅಜ್ಜಿಯೂ ಏಳು ವರ್ಷದ ಮೊಮ್ಮಗನೂ ಮಲಗುವ ಸ್ಥಳವೂ ಅದೇ. ಮಗುವಿಗೆ ಎರಡು ವರ್ಷಗಳಿಂದ ಬೆಳಗಾದರೆ ಸಾಲುಸಾಲು ಸೀನು, ಮೂಗು ಕಟ್ಟುವಿಕೆ. ಚಳಿಯ ದಿನಗಳಲ್ಲಿ ಎದೆಯಲ್ಲಿ ಸುಯ್ಯೆನ್ನುವ ಸದ್ದು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಚಿಕ್ಕಪ್ಪ ಇದನ್ನು ಕೇಳಿ ಮರುಗಿ, ಗಾಳಿಯನ್ನು ಶುದ್ಧಗೊಳಿಸುವ ಯಂತ್ರವೊಂದನ್ನು, ಅಂದರೆ ಏರ್ ಪ್ಯೂರಿಫೈಯರನ್ನು ಕಳುಹಿಸಿದ್ದರು.

ಯಂತ್ರದ ನೆತ್ತಿಯ ಮೇಲೆ ಒಂದು ಪುಟ್ಟ ದೀಪ. ಗಾಳಿ ನಿರ್ಮಲವಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಬೆಳಗಿನ ಐದೂವರೆಗೆ ಅಜ್ಜಿ ಲಿಂಗಪೂಜೆಗೆ ಕುಳಿತು, ಕೆಂಡದ ಮೇಲೆ ಲೋಬಾನ ಉದುರಿಸಿ, ಎರಡು ಊದಿನಕಡ್ಡಿ ಹಚ್ಚಿದೊಡನೆ ಆ ದೀಪ ಕೆಂಪಾಗುತ್ತಿತ್ತು; ಯಂತ್ರವು ಜೋರಾಗಿ ಸದ್ದು ಮಾಡತೊಡಗುತ್ತಿತ್ತು. ಬಾಗಿಲ ಬಳಿಯ ಹಾಸಿಗೆಯಲ್ಲಿ ಮಗು ಕೆಮ್ಮುತ್ತಿತ್ತು. “ನನ್ನ ಪೂಜಿ ಅದಕ್ಕ ಸೇರಂಗಿಲ್ಲಂತ ಕಾಣತೈತ್ರಿ” ಎಂದು ಅಜ್ಜಿ ನಕ್ಕು ನುಡಿದರು. ಸೊಸೆ ನಗಲಿಲ್ಲ. ಹೇಳಬೇಕಾದ ಮಾತು ಆಕೆಯ ನಾಲಗೆಯ ತುದಿಯಲ್ಲಿದ್ದರೂ ಹಿರಿಯರಿಗೆ ಹೇಳುವ ಬಗೆ ತಿಳಿಯದೆ ಒಳಗೆ ಹೋದರು.

ಇಂಥ ಮೌನ ಈಗ ಅನೇಕ ಮನೆಗಳಲ್ಲಿದೆ. ಸಾವಿರಾರು ರೂಪಾಯಿಯ ಯಂತ್ರ ಮನೆಗೆ ಬಂದಿದೆ; ಮಗುವಿನ ಸೀನು ನಿಂತಿಲ್ಲ. ಯಂತ್ರವೇ ಮೋಸವೆಂದು ಕೆಲವರು, ತಮ್ಮ ಹಣೆಬರಹವೆಂದು ಕೆಲವರು ಕೈಚೆಲ್ಲುತ್ತಾರೆ. ಯಂತ್ರದಿಂದ ಏನು ಸಾಧ್ಯ, ಮನೆಯವರೇ ಮಾಡಬೇಕಾದುದೇನು ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಒಳ್ಳೆಯ ಗಾಳಿಯ ನಾಡಿನಲ್ಲಿ ಸೀನು ಏಕೆ?

ಗದಗಿನ ಪಂಚಾಲ ನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರವಿದೆ. ದೆಹಲಿಯಂಥ ನಗರಗಳೊಡನೆ ಹೋಲಿಸಿದರೆ ನಮ್ಮ ಗಾಳಿ ಎಷ್ಟೋ ಮೇಲು. ಅದು ನಮ್ಮ ಭಾಗ್ಯವೇ ಸರಿ. ಆದರೆ ಅಲರ್ಜಿ ಎಂಬುದು ಊರಿನ ಒಟ್ಟು ಗಾಳಿಯ ಲೆಕ್ಕವನ್ನು ನೋಡಿ ಬರುವ ವ್ಯಾಧಿಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯು ನಿರಪಾಯಕಾರಿಯಾದ ಯಾವುದೋ ಒಂದು ಕಣವನ್ನು ಶತ್ರುವೆಂದು ತಪ್ಪಾಗಿ ಬಗೆದು, ಅದು ಒಳಹೊಕ್ಕಾಗಲೆಲ್ಲ ಯುದ್ಧ ಹೂಡುತ್ತದೆ. ಆಗ ಬಿಡುಗಡೆಯಾಗುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳಿಂದ ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ, ಕೆಲವರಲ್ಲಿ ಶ್ವಾಸನಾಳ ಬಿಗಿಯುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೆ ಏನೂ ಆಗದ ಧೂಳು ಇನ್ನೊಬ್ಬರನ್ನು ಹಾಸಿಗೆ ಹಿಡಿಸುವುದು ಈ ಕಾರಣದಿಂದ.

ಅಂಥ ಕಣಗಳಿಗೆ ನಮ್ಮ ಭಾಗದಲ್ಲಿ ಕೊರತೆಯಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಲಕ್ಷ್ಮೇಶ್ವರ, ಶಿರಹಟ್ಟಿ ರಸ್ತೆಗಳ ಎರಡೂ ಬದಿಗೆ ಬಿಳಿ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಕಸವೆಂದು ಕರೆಯುವ ಕಳೆ, ಮೂಗಿನ ಅಲರ್ಜಿಗೂ ಚರ್ಮದ ತುರಿಕೆಗೂ ಕುಖ್ಯಾತವಾದುದು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಪರದೇಶಿ ಕಳೆ ದೇಶವನ್ನೆಲ್ಲ ವ್ಯಾಪಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಳೆ ಪೂರ್ತಿ ಅಳಿಯಲಿಲ್ಲ. ಸುಗ್ಗಿಯಲ್ಲಿ ರಾಶಿ ಮಾಡುವಾಗ ಏಳುವ ಜೋಳ, ಕಡಲೆಯ ಹೊಟ್ಟು. ಬೇಸಿಗೆಯಲ್ಲಿ ಎರಿ ನೆಲದ ಕಪ್ಪು ಧೂಳು, ಮಸಾರಿಯ ಕೆಂಧೂಳು. ಅರಳೆ ಗಿರಣಿ ಮತ್ತು ಮಗ್ಗಗಳ ಸುತ್ತ ಹಾರುವ ಹತ್ತಿಯ ನವಿರು. ಪೇಟೆಯಲ್ಲಿ ಮೆಣಸಿನಕಾಯಿಯ ಘಾಟು. ಇವುಗಳಲ್ಲಿ ಕೆಲವು ಅಲರ್ಜಿಯನ್ನು ಹುಟ್ಟಿಸುತ್ತವೆ, ಕೆಲವು ಇರುವ ಅಲರ್ಜಿಯನ್ನು ಕೆರಳಿಸುತ್ತವೆ. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುವ ಬೇರೆಯೇ ಒಂದು ಕಾಯಿಲೆಯಿದೆ. ವೈದ್ಯರು ಅದನ್ನು ಬಿಸಿನೋಸಿಸ್ ಎನ್ನುತ್ತಾರೆ. ಅಂಥವರು ಅದನ್ನು ಸಾದಾ ಅಲರ್ಜಿಯೆಂದು ಕಡೆಗಣಿಸಬಾರದು.

ಇನ್ನು ಕಣ್ಣಿಗೆ ಕಾಣದ ಶತ್ರುವೊಂದು ಹಾಸಿಗೆಯಲ್ಲೇ ಇದೆ. ಗಾದಿ, ದಿಂಬು, ಕೌದಿ, ಕಂಬಳಿಗಳಲ್ಲಿ ನಮ್ಮ ಚರ್ಮದ ಹೊಟ್ಟನ್ನೇ ತಿಂದು ಬದುಕುವ ಧೂಳಿನ ನುಸಿ ಅದು. ಅದರ ಹಿಕ್ಕೆಯೇ ವರ್ಷವಿಡೀ ಕಾಡುವ ಸೀನಿಗೆ ಬಹು ದೊಡ್ಡ ಕಾರಣ.

ಯಂತ್ರ ಮಾಡುವ ಕೆಲಸ

ಏರ್ ಪ್ಯೂರಿಫೈಯರ್ ಎಂದರೆ ಮೂಲತಃ ಒಂದು ಫ್ಯಾನು ಮತ್ತು ಒಂದು ಜರಡಿ. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ಜರಡಿಯ ಮೂಲಕ ಹಾಯಿಸಿ ಹೊರಬಿಡುತ್ತದೆ. ಒಳ್ಳೆಯ ಯಂತ್ರಗಳಲ್ಲಿ ಇರುವುದು ಹೆಪಾ ಎಂಬ ಜರಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಧೂಳನ್ನು ತಡೆಯಲು ರೂಪುಗೊಂಡ ವಿದ್ಯೆ ಇದು. ವಿನಾಶದ ಕಾರ್ಯದಲ್ಲಿ ಹುಟ್ಟಿದ್ದು ಇಂದು ಮಕ್ಕಳ ಕೋಣೆಗೆ ಬಂದಿದೆ. ನೂಲಿಗಿಂತ ನವಿರಾದ ಎಳೆಗಳ ಈ ಜರಡಿಯು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕೆಂಬುದು ಅಲ್ಲಿಯ ಮಾನದಂಡ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲೇ ಸುಮಾರು 50ರಿಂದ 70 ಮೈಕ್ರಾನ್ ದಪ್ಪವಿರುತ್ತದೆ.

ಹಾಗಾದರೆ ಯಂತ್ರವಿದ್ದರೆ ಸಾಕಲ್ಲವೇ? ಸಾಲದು. ಜರಡಿಯು ಹಿಡಿಯಬಲ್ಲದ್ದು ತನ್ನ ಬಳಿಗೆ ತೇಲಿ ಬಂದ ಕಣವನ್ನು ಮಾತ್ರ. ಹೊಗೆಯ ಕಣ ಬಹಳ ಸೂಕ್ಷ್ಮ, ಗಂಟೆಗಟ್ಟಲೆ ತೇಲುತ್ತದೆ. ಅದನ್ನು ಯಂತ್ರ ಚೆನ್ನಾಗಿ ಹಿಡಿಯುತ್ತದೆ. ಪರಾಗವನ್ನೂ ಗಾಳಿಯಲ್ಲಿರುವಷ್ಟು ಹೊತ್ತು ಹಿಡಿಯುತ್ತದೆ. ಆದರೆ ನುಸಿಯ ಹಿಕ್ಕೆ ಭಾರವಾದುದು. ಹಾಸಿಗೆ ಕೊಡವಿದಾಗ ಎದ್ದು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕೂಡುತ್ತದೆ. ಮಗು ಮುಖವಿಟ್ಟು ಮಲಗುವ ದಿಂಬಿನೊಳಗಿನ ಧೂಳಿಗೆ ಮೂಲೆಯಲ್ಲಿ ನಿಂತ ಯಂತ್ರ ಏನೂ ಮಾಡಲಾರದು. ಈ ಯಂತ್ರಗಳ ಕುರಿತು ನಡೆದಿರುವ ಅಧ್ಯಯನಗಳ ಒಟ್ಟು ತಾತ್ಪರ್ಯವೂ ಇದೇ: ಗಾಳಿಯ ಕಣಗಳು ನಿಶ್ಚಯವಾಗಿ ಕಡಿಮೆಯಾಗುತ್ತವೆ, ರೋಗಿಯ ತೊಂದರೆ ಕಡಿಮೆಯಾಗುವುದು ಸ್ವಲ್ಪಮಟ್ಟಿಗೆ, ಅದೂ ಬೇರೆ ಕ್ರಮಗಳೊಡನೆ ಕೂಡಿದಾಗ.

ಕೊಳ್ಳುವವರು ಗಮನಿಸಬೇಕಾದ್ದು

ಯಂತ್ರ ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಜಾಹೀರಾತಿನ ಬಣ್ಣಕ್ಕೆ ಮರುಳಾಗದೆ ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಡಬ್ಬಿಯ ಮೇಲೆ ‘ಸಿಎಡಿಆರ್’ ಎಂಬ ಅಂಕಿ ಮುದ್ರಿತವಾಗಿರುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಘನಮೀಟರ್ ಶುದ್ಧ ಗಾಳಿಯನ್ನು ಯಂತ್ರ ಕೊಡಬಲ್ಲದೆಂಬುದೇ ಅದರ ಅರ್ಥ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ, ಅಂದರೆ ಸುಮಾರು 34 ಘನಮೀಟರ್ ಗಾಳಿಯಿರುತ್ತದೆ. ಅಲರ್ಜಿಯವರಿರುವ ಕೋಣೆಯ ಗಾಳಿ ಗಂಟೆಗೆ ಐದು ಸಲವಾದರೂ ಸೋಸಿ ಬರಬೇಕು. ಐದರಿಂದ ಗುಣಿಸಿದರೆ 170. ಈ ಅಂಕಿಗಿಂತ ಕಡಿಮೆಯ ಯಂತ್ರ ಆ ಕೋಣೆಗೆ ಸಾಲದು.

ನಮ್ಮ ಹಳೆಯ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ಯಂತ್ರವನ್ನಿಟ್ಟರೆ ಹಣ ವ್ಯರ್ಥ. ಮುಂಬಾಗಿಲು, ಹಿತ್ತಲ ಬಾಗಿಲು, ಬೆಳಕಿಂಡಿ ಎಲ್ಲವೂ ತೆರೆದಿರುವಲ್ಲಿ ಯಂತ್ರವು ಊರ ಗಾಳಿಯನ್ನೆಲ್ಲ ಸೋಸಲು ಹೊರಟಂತಾಗುತ್ತದೆ. ರೋಗಿ ಮಲಗುವ, ಬಾಗಿಲು ಮುಚ್ಚುವ ಒಂದೇ ಕೋಣೆಯಲ್ಲಿ, ಗೋಡೆಯಿಂದ ಒಂದಡಿ ದೂರವಿಟ್ಟು, ಮಲಗುವುದಕ್ಕೆ ಒಂದು ಗಂಟೆ ಮೊದಲು ಹಚ್ಚಿ, ರಾತ್ರಿಯೆಲ್ಲ ನಡೆಸಬೇಕು. ಹಾಗೆಂದು ಹಗಲೂ ಕೋಣೆಯನ್ನು ಮುಚ್ಚಿಡಬಾರದು. ಚಳಿಗಾಲದ ನಸುಕಿನಲ್ಲಿ ಒಲೆಗಳ ಹೊಗೆ ನೆಲಕ್ಕೆ ಕವಿದಿರುತ್ತದೆ. ಬಿಸಿಲೇರಿದ ಮೇಲೆ ಕಿಟಕಿ ತೆರೆಯುವುದು ಲೇಸು.

ಸಾಧಾರಣ ಯಂತ್ರಗಳ ಬೆಲೆ ಈಚೆಗೆ ಸುಮಾರು 7ರಿಂದ 15 ಸಾವಿರ ರೂಪಾಯಿ. ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೆಪಾ ಜರಡಿಯನ್ನು ಬದಲಿಸಬೇಕು. ಧೂಳು ಹೆಚ್ಚಿರುವ ನಮ್ಮ ಕಡೆ ಅದು ಬೇಗ ತುಂಬುತ್ತದೆ. ಬೆಲೆ ವಿಚಾರಿಸುವಾಗಲೇ ಜರಡಿಯ ಬೆಲೆಯನ್ನೂ, ಅದು ಗದಗಿನಲ್ಲಿ ಸಿಗುವುದೋ ಹುಬ್ಬಳ್ಳಿಯಿಂದ ತರಿಸಬೇಕೋ ಎಂಬುದನ್ನೂ ಕೇಳಿಕೊಳ್ಳಬೇಕು. ಮುಂದಿನ ದಪ್ಪ ಬಲೆಯನ್ನು ತೊಳೆಯಬಹುದು. ಹೆಪಾ ಜರಡಿಯನ್ನು ನೀರಿಗೆ ಹಾಕಿದರೆ ಅದು ಕೆಟ್ಟಂತೆಯೇ. ವಿದ್ಯುತ್ತಿನ ಭಾರ ದೊಡ್ಡದಲ್ಲ: 40 ವ್ಯಾಟಿನ ಯಂತ್ರ ದಿನಕ್ಕೆ ಹತ್ತು ಗಂಟೆ ನಡೆದರೆ ತಿಂಗಳಿಗೆ 12 ಯೂನಿಟ್. ಓಝೋನ್ ಹೊರಬಿಡುವ ಯಂತ್ರಗಳನ್ನು ಮಾತ್ರ ಮನೆಗೆ ತರಬಾರದು. ಓಝೋನ್ ಶ್ವಾಸಕೋಶವನ್ನೇ ಕೆರಳಿಸುವ ಅನಿಲ.

ಕುಂಡದ ಗಿಡಗಳಿಟ್ಟರೆ ಸಾಕೆನ್ನುವವರೂ ಇದ್ದಾರೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1989ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ನಂಬಿಕೆ ಹರಡಿತು. ಆ ಪ್ರಯೋಗ ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ, ಕೆಲವು ಅನಿಲಗಳ ಮೇಲೆ. ಗಿಡ ಕಣ್ಣಿಗೆ ತಂಪು, ಮನಸ್ಸಿಗೆ ಹಿತ; ಸೀನಿಗೆ ಔಷಧವಲ್ಲ.

ಮೊದಲು ಮನೆ, ಆಮೇಲೆ ಯಂತ್ರ

ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಬಳಿಯುವವನ ಕೆಲಸ ಎಂದಿಗೂ ಮುಗಿಯದು. ಆದುದರಿಂದ ಧೂಳು, ಹೊಗೆಗಳ ಮೂಲವನ್ನು ತಡೆಯುವುದೇ ಮೊದಲ ಕೆಲಸ. ಇದಕ್ಕೆ ಹಣ ಬೇಡ, ನಿಯಮ ಬೇಕು.

ದಸರೆಗೆ ಮುನ್ನ ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ತೊಳೆದು ಒಣಗಿಸುವ ನಮ್ಮ ಹಿರಿಯರ ರೂಢಿ ಎಷ್ಟು ವಿವೇಕದ್ದೆಂಬುದು ಈಗ ಅರ್ಥವಾಗುತ್ತಿದೆ. ಆದರೆ ವರ್ಷಕ್ಕೊಮ್ಮೆ ಸಾಲದು. ದಿಂಬಿನ ಗವಸು, ಹಾಸು ಬಟ್ಟೆಗಳನ್ನು ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ತೊಳೆಯಬೇಕು. 60 ಡಿಗ್ರಿಯ ಬಿಸಿಗೆ ನುಸಿ ಉಳಿಯದು. ಕೌದಿ, ಗಾದಿಗಳನ್ನು ನಮ್ಮ ಬಯಲುಸೀಮೆಯ ಉರಿಬಿಸಿಲಿಗೆ ಎರಡೂ ಮಗ್ಗುಲು ಒಣಹಾಕಿ, ಮಗುವಿಲ್ಲದ ಕಡೆ ಬಡಿದು ಒಳತರಬೇಕು. ಒಣ ಕಸಬರಿಗೆಯಿಂದ ಗುಡಿಸುವ ಹೊತ್ತಿಗೆ ಅಲರ್ಜಿಯವರು ಹೊರಗಿರಲಿ. ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಮಗ್ಗವಿರುವ ಮನೆಯಲ್ಲಿ ಮಲಗುವ ಕೋಣೆಯ ಬಾಗಿಲು ಹಗಲು ಮುಚ್ಚಿರಲಿ. ಹೊಲದಿಂದ, ರಾಶಿಯಿಂದ ಬಂದವರು ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ ಮಗುವನ್ನೆತ್ತಿಕೊಳ್ಳಲಿ.

ಅಡುಗೆಗೆ ಗ್ಯಾಸ್ ಬಂದ ಮೇಲೂ ನಮ್ಮ ಅನೇಕ ಮನೆಗಳ ಬಚ್ಚಲ ಒಲೆಯಲ್ಲಿ ಹತ್ತಿ ಕಟ್ಟಿಗೆ, ಕುಳ್ಳು ಉರಿಯುತ್ತಲೇ ಇವೆ. ಆ ಹೊಗೆ ಒಳಮನೆಗೆ ಬರದಂತೆ ಹೊಗೆಗೂಡು ಕಟ್ಟಿಸುವುದು ಯಂತ್ರಕ್ಕಿಂತ ಮೊದಲಿನ ಖರ್ಚು. ಸೊಳ್ಳೆಬತ್ತಿಯ ಸುರುಳಿಯಂತೂ ಮುಚ್ಚಿದ ಕೋಣೆಯ ಪರಮ ವೈರಿ. ಚೀನಾ ಮತ್ತು ಮಲೇಷ್ಯಾದ ಸುರುಳಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಂತೆ, ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊರಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ. ಸೊಳ್ಳೆ ಪರದೆ ಕಟ್ಟಿದರೆ ಈ ಕಂಟಕವೇ ಇಲ್ಲ. ಮನೆಯೊಳಗೆ ಬೀಡಿ, ಸಿಗರೇಟು ಸೇದುವವರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಪೂಜೆಯ ಹೊಗೆ

ಇನ್ನುಳಿದದ್ದು ಹೇಳಲು ಎಲ್ಲರೂ ಹಿಂಜರಿಯುವ ಮಾತು. ಊದಿನಕಡ್ಡಿ, ಲೋಬಾನ, ಕರ್ಪೂರಗಳ ಹೊಗೆಯೂ ಹೊಗೆಯೇ. ಇದ್ದಿಲ ಪುಡಿ, ಕಟ್ಟಿಗೆಯ ಪುಡಿ, ಸುಗಂಧ ದ್ರವ್ಯಗಳು ನಿಧಾನವಾಗಿ ಉರಿಯುವಾಗ ಏಳುವ ಸೂಕ್ಷ್ಮ ಕಣಗಳಿಗೆ ಭಕ್ತಿಯ ಪರಿಮಳವಿದೆಯೆಂದು ಶ್ವಾಸನಾಳವು ರಿಯಾಯಿತಿ ತೋರುವುದಿಲ್ಲ.

ಹಾಗಾದರೆ ಪೂಜೆಗೆ ಕುಂದಾಗದೇ ಎಂದು ಹಿರಿಯ ತಾಯಂದಿರು ಕೇಳಬಹುದು. ಅವರೊಡನೆ ನಾವು ವಿನಯದಿಂದ ಒಂದು ವಿಚಾರವನ್ನು ಹಂಚಿಕೊಳ್ಳಬಯಸುತ್ತೇವೆ. ನಮ್ಮ ಧರ್ಮದ ರಕ್ಷಾಕವಚವೆನಿಸಿದ ಅಷ್ಟಾವರಣಗಳು ಯಾವುವು? ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಈ ಎಂಟರಲ್ಲಿ ಧೂಪದ ಹೆಸರಿಲ್ಲ. ಅಷ್ಟವಿಧಾರ್ಚನೆಯಲ್ಲಿ ಧೂಪಕ್ಕೆ ಸ್ಥಾನವುಂಟು, ನಿಜ. ಅನೇಕ ಮನೆತನಗಳಲ್ಲಿ ಅದು ತಲೆತಲಾಂತರದಿಂದ ನಡೆದು ಬಂದಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಉಪಚಾರ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಡುವ ಸಾಧನೆಗೆ ಬೇಕಾದುದು ಏಕಾಗ್ರತೆ ಮತ್ತು ನೆಮ್ಮದಿಯ ಉಸಿರು. ಬಾಹ್ಯಾಡಂಬರಕ್ಕಿಂತ ಭಾವವನ್ನು, ಆಚಾರಕ್ಕಿಂತ ಮೊದಲು ಜೀವದಯೆಯನ್ನು ಎತ್ತಿಹಿಡಿದ ಶರಣರ ಮಕ್ಕಳು ನಾವು. ಮಗ್ಗುಲಲ್ಲಿ ಮಲಗಿದ ಮಗುವಿನ ಉಸಿರು ಕಟ್ಟುತ್ತಿರುವಾಗ ಧೂಪವನ್ನು ಅಂಗಳಕ್ಕೆ ಒಯ್ದರೆ ಪೂಜೆಗೆ ಯಾವ ಲೋಪವೂ ಬಾರದು.

ಮಾಡಬಹುದಾದುದು ಕಠಿಣವೂ ಅಲ್ಲ. ಪೂಜೆಯ ಸ್ಥಳವನ್ನು ಮಲಗುವ ಕೋಣೆಯಿಂದ ಬೇರ್ಪಡಿಸಬೇಕು. ಅದು ಸಾಧ್ಯವಿಲ್ಲದ ಮನೆಯಲ್ಲಿ ಒಂದೇ ಬತ್ತಿಯ ದೀಪ ಹಚ್ಚಿ, ಪತ್ರೆ ಪುಷ್ಪಗಳಿಂದ ಪೂಜಿಸಿ, ಧೂಪವನ್ನು ಅಂಗಳದಲ್ಲಿ ತೋರಬಹುದು. ಹೂವಿನ ಪರಾಗವೂ ಒಗ್ಗದವರಿಗೆ ಪತ್ರೆಯೊಂದೇ ಸಾಕು. ವಿಭೂತಿಯ ಪುಡಿ ಹಾರುವುದರಿಂದ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಧರಿಸುವುದು ಒಳ್ಳೆಯದು.

ವೈದ್ಯರ ಮಾತು ಮೀರಬಾರದು

ಯಂತ್ರವಾಗಲಿ ಮನೆಯ ಶುಚಿಯಾಗಲಿ ಔಷಧಕ್ಕೆ ಬದಲಲ್ಲ. ಮಗುವಿಗೆ ಎದೆ ಸುಯ್ಯೆನ್ನುವುದು, ರಾತ್ರಿ ಕೆಮ್ಮಿ ಏಳುವುದು ಇದ್ದರೆ ಅದು ದಮ್ಮಿನ ಸೂಚನೆಯಾಗಿರಬಹುದು. ಪಂಪು ಹಿಡಿದರೆ ಜೀವಮಾನವಿಡೀ ಚಟವಾಗುತ್ತದೆಂಬ ತಪ್ಪು ನಂಬಿಕೆಯಿಂದ ಎಷ್ಟೋ ತಂದೆತಾಯಂದಿರು ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ಕಪಾಟಿನಲ್ಲಿಡುತ್ತಾರೆ. ಇನ್‌ಹೇಲರ್ ಚಟವಲ್ಲ, ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಬೇಕಾದ ಜಾಗಕ್ಕೇ ತಲುಪಿಸುವ ದಾರಿ. ತಡೆಯುವ ಔಷಧ ಬೇರೆ, ತುರ್ತಿನದು ಬೇರೆ. ಎರಡರ ಭೇದವನ್ನು ವೈದ್ಯರಿಂದಲೇ ತಿಳಿದುಕೊಳ್ಳಬೇಕು. ಮಾತಾಡಲಾಗದಷ್ಟು ಏದುಸಿರು, ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದುವುದು, ತುಟಿ ನೀಲಿಗಟ್ಟುವುದು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಊರಿನ ದೊಡ್ಡ ಜರಡಿ

ಮನೆಯ ಕೋಣೆಗೆ ಯಂತ್ರ; ಊರಿಗೆ? ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವೇ ನಮ್ಮೆಲ್ಲರ ಜರಡಿ. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುವುದೆಂದಾಗ ರೈತರ ಹೋರಾಟಕ್ಕೆ ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳು ಮುಂದಾಳಾದರು. 2011ರಲ್ಲಿ ಯೋಜನೆ ನಿಂತಿತು. ಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು ಮರುವರ್ಷ ಹಿಂತೆಗೆದುಕೊಂಡಾಗ, 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಆ ವರ್ಷವೇ ಮಾನ್ಯತೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಹಚ್ಚದಿರುವುದು, ಹೂ ಬಿಡುವ ಮುನ್ನವೇ ಓಣಿಯ ಕಾಂಗ್ರೆಸ್ ಕಸವನ್ನು ಕೈಗವಸು ತೊಟ್ಟು ಕೀಳುವುದು, ಕಸಕ್ಕೆ ಕಿಚ್ಚಿಡದಿರುವುದು: ಇವೂ ಉಸಿರಿನ ಕಾಯಕವೇ.

ಬೆಟಗೇರಿಯ ಆ ಮನೆಗೆ ನಾವು ಯುಗಾದಿಯ ಹೊತ್ತಿಗೆ ಮತ್ತೊಮ್ಮೆ ಹೋಗಿದ್ದೆವು. ಧೂಪಾರತಿ ಅಂಗಳದ ತುಳಸಿಕಟ್ಟೆಯ ಬಳಿ ಇತ್ತು. ಯಾರು ಹೇಳಿದರೆಂದು ಕೇಳಿದೆವು. “ಯಾರೂ ಹೇಳಲಿಲ್ರಿ. ದಿನಾ ಮುಂಜಾನೆ ಆ ದೀಪಾ ಕೆಂಪಾಗೂದು ನಾನೂ ನೋಡತಿದ್ನೆಲ್ಲ. ಕೂಸಿನ ಉಸರು ಕಟ್ಟಿಸಿ ಲಿಂಗಕ್ಕ ಧೂಪಾ ಹಾಕಿದ್ರ ಅದು ಮುಟ್ಟತೈತೇನ್ರಿ?” ಎಂದರು ಅಜ್ಜಿ. ಮಗುವಿನ ಕಾಯಿಲೆ ಪೂರ್ತಿ ವಾಸಿಯಾಗಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ಒಮ್ಮೆ ಎದೆ ಕಟ್ಟಿ ಆಸ್ಪತ್ರೆಗೂ ಹೋಗಿಬಂದಿತ್ತು. ವೈದ್ಯರು ಕೊಟ್ಟ ಇನ್‌ಹೇಲರನ್ನು ಈಗ ಸೊಸೆ ತಪ್ಪದೆ ಹಿಡಿಸುತ್ತಾರೆ. ಹಾಸಿಗೆ ಬಿಸಿಲಿಗೆ ಹಾಕುವ ಕೆಲಸ ಅಜ್ಜಿಯದು. ರಾತ್ರಿ ಮಗು ನಿದ್ದೆ ಮಾಡುತ್ತದೆ, ಯಂತ್ರ ಮೆಲ್ಲಗೆ ನಡೆಯುತ್ತದೆ.

ಯಂತ್ರ ಕೊಳ್ಳುವ ಶಕ್ತಿಯಿರುವವರು ಕೊಳ್ಳಲಿ, ಇಲ್ಲದವರು ಕೊರಗಬೇಕಾಗಿಲ್ಲ. ಹೊಗೆಯಿಲ್ಲದ ಕೋಣೆ, ಬಿಸಿಲುಂಡ ಹಾಸಿಗೆ, ವೇಳೆಗೆ ಸರಿಯಾದ ಔಷಧ: ಈ ಮೂರು ಎಲ್ಲ ಮನೆಗಳಿಗೂ ಎಟುಕುವಂಥವು. ಸೊಸೆಯ ನಾಲಗೆಯ ತುದಿಯಲ್ಲಿ ನಿಂತ ಮಾತನ್ನು ಆಕೆ ಆಡುವ ಮೊದಲೇ ಹಿರಿಯರು ಅರಿತುಕೊಂಡರೆ ಮನೆಯ ಗಾಳಿ ಅರ್ಧ ಶುದ್ಧವಾದಂತೆ.